ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (1895–1948) ಭಾರತದಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಜೀವರಸಾಯನ ವಿಜ್ಞಾನಿ. ಕ್ಯಾನ್ಸರ್ ಕೋಶಗಳ ವೃದ್ಧಿಗೆ ಅಗತ್ಯವಾದ ಕಿಣ್ವವೊಂದನ್ನು ತಡೆಯುವ ಔಷಧಗಳು ಇವರ ನೇತೃತ್ವದ ಪ್ರಯೋಗಾಲಯದಲ್ಲಿ ರೂಪುಗೊಂಡವು.

ಬಾಲ್ಯ ಮತ್ತು ಶಿಕ್ಷಣ

ಸುಬ್ಬರಾವ್ ಅವರು 1895ರ ಜನವರಿ 12ರಂದು ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಭೀಮವರಂನಲ್ಲಿ ಜನಿಸಿದರು. ಇವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಅಕಾಲ ಮರಣಕ್ಕೀಡಾದರು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಖಾದಿ ಧರಿಸಿದ್ದಕ್ಕಾಗಿ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು, ಎಂ.ಬಿ.ಬಿ.ಎಸ್. ಪದವಿಯ ಬದಲು ಎಲ್.ಎಂ.ಎಸ್. ಮಾತ್ರ ದೊರೆಯಿತು. ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಬೋಧಿಸಿ, 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ತೆರಳಿದರು. ಅನಂತರ ಸ್ವದೇಶಕ್ಕೆ ಮರಳಲಿಲ್ಲ.

ಸಂಶೋಧನೆ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೈರಸ್ ಫಿಸ್ಕೆ ಅವರೊಡನೆ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಜೀವಕೋಶಗಳ ಶಕ್ತಿವಾಹಕವಾದ ಎ.ಟಿ.ಪಿ.ಯನ್ನು ಸ್ನಾಯುಗಳಲ್ಲಿ ಗುರುತಿಸಿದವರಲ್ಲಿಯೂ ಇವರು ಒಬ್ಬರು. ಆದರೆ ಅಲ್ಲಿ ಕಾಯಂ ಹುದ್ದೆ ದೊರೆಯದೆ, 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. 1945ರಲ್ಲಿ ಇವರ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಬಲಿತೆಗೆದುಕೊಂಡ ಸ್ಪ್ರೂ ಕಾಯಿಲೆಯ ಚಿಕಿತ್ಸೆಗೆ ಈ ಜೀವಸತ್ವವು ನೆರವಾಯಿತು.

ಕಿಣ್ವ ಮತ್ತು ಕ್ಯಾನ್ಸರ್

ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಫೋಲಿಕ್ ಆಮ್ಲವನ್ನು ದೇಹಕ್ಕೆ ಉಪಯುಕ್ತವಾದ ರೂಪಕ್ಕೆ ಪರಿವರ್ತಿಸುತ್ತದೆ. ಆ ರೂಪವಿಲ್ಲದೆ ಡಿ.ಎನ್.ಎ. ನಿರ್ಮಾಣವೂ ಕೋಶ ವಿಭಜನೆಯೂ ನಡೆಯಲಾರವು. ರಕ್ತದ ಕ್ಯಾನ್ಸರ್ ಇರುವ ಮಕ್ಕಳಲ್ಲಿ ಫೋಲಿಕ್ ಆಮ್ಲದ ಸಂಯುಕ್ತಗಳು ರೋಗವನ್ನು ಉಲ್ಬಣಗೊಳಿಸುವಂತೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಕಂಡಿತು. ಆದ್ದರಿಂದ ಅದನ್ನೇ ಹೋಲುವ, ಆದರೆ ಅದರ ಕಾರ್ಯವನ್ನು ತಡೆಯುವ ಅಮಿನೋಪ್ಟೆರಿನ್ ಔಷಧವನ್ನು ಲೆಡರ್ಲೆ ತಂಡವು ಒದಗಿಸಿತು. ಅದನ್ನು ಪಡೆದ 16 ಮಕ್ಕಳ ಪೈಕಿ 10 ಮಂದಿಯಲ್ಲಿ ರೋಗವು ತಾತ್ಕಾಲಿಕವಾಗಿ ಶಮನಗೊಂಡಿತೆಂದು ಫಾರ್ಬರ್ 1948ರ ಜೂನ್‌ನಲ್ಲಿ ವರದಿ ಮಾಡಿದರು. ಇದರ ಸಮೀಪದ ಸಂಯುಕ್ತವಾದ ಮೆಥೊಟ್ರೆಕ್ಸೇಟ್ ಕ್ರಮೇಣ ಇದರ ಸ್ಥಾನವನ್ನು ಪಡೆಯಿತು.

ಈ ಔಷಧವು ಕಿಣ್ವಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಶೀಘ್ರವಾಗಿ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶಗಳು ಇದರಿಂದ ಹೆಚ್ಚು ಬಾಧಿತವಾಗುತ್ತವೆ. ಅಸ್ಥಿಮಜ್ಜೆ, ಬಾಯಿ ಮತ್ತು ಕರುಳಿನ ಆರೋಗ್ಯವಂತ ಕೋಶಗಳೂ ವೇಗವಾಗಿ ವಿಭಜನೆಗೊಳ್ಳುವುದರಿಂದ ಅಲ್ಲಿ ಅಡ್ಡಪರಿಣಾಮಗಳು ಕಾಣಿಸುತ್ತವೆ. ಅಧಿಕ ಪ್ರಮಾಣದಲ್ಲಿ ನೀಡಿದಾಗ ಆ ಕೋಶಗಳ ರಕ್ಷಣೆಗೆ ಫೋಲಿನಿಕ್ ಆಮ್ಲವನ್ನು ಕೊಡಲಾಗುತ್ತದೆ.

ನಿಧನ ಮತ್ತು ಸ್ಮರಣೆ

ಫಾರ್ಬರ್ ಅವರ ವರದಿ ಪ್ರಕಟವಾದ ಎರಡು ತಿಂಗಳಲ್ಲೇ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಹೃದಯಾಘಾತದಿಂದ ನಿಧನರಾದರು. ಔಷಧವು ಯಾವ ಕಿಣ್ವವನ್ನು ತಡೆಯುತ್ತದೆ ಎಂಬುದು ಸ್ಪಷ್ಟವಾದದ್ದು ಸುಮಾರು ಹತ್ತು ವರ್ಷಗಳ ಅನಂತರ. ಮೆಥೊಟ್ರೆಕ್ಸೇಟ್ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ, ಸಂಧಿವಾತಕ್ಕೂ ಬಳಕೆಯಾಗುತ್ತಿದೆ. ಭಾರತ ಸರ್ಕಾರವು 1995ರಲ್ಲಿ ಸುಬ್ಬರಾವ್ ಅವರ ಜನ್ಮಶತಮಾನೋತ್ಸವದ ಅಂಗವಾಗಿ ಅಂಚೆಚೀಟಿಯನ್ನು ಹೊರತಂದಿತು.