ಸರಾಸರಿಯಲ್ಲಿ ಕಾಣಿಸದವರು

2003ರ ಬರಗಾಲದಲ್ಲಿ, ಅಂದಿನ ಬಂಗಾರಪೇಟೆ ತಾಲ್ಲೂಕಿನ ಬೇತಮಂಗಲ ಹೋಬಳಿಯ ಬೆಳೆನಷ್ಟದ ಪಟ್ಟಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯ ಏರಿಯ ಮೇಲೆ ವೃದ್ಧ ಕೂಲಿಕಾರರೊಬ್ಬರು, ಬೆಳೆ ಹೋದವರಿಗೆ ಹಣವುಂಟು, ಕೂಲಿ ಹೋದವರಿಗೆ ಏನುಂಟು ಎಂದು ಕೇಳಿದರು. ನಾನು ಉತ್ತರಿಸಲಿಲ್ಲ; ಪಟ್ಟಿಗೆ ಸಹಿ ಹಾಕಿದೆ. ಆ ಪ್ರಶ್ನೆಯೇ ಮುಂದೆ ನನ್ನನ್ನು ವಿಲಿಯಂ ಡಿಗ್ಬಿ ಅವರ ಬರಹಗಳತ್ತ ಕರೆದೊಯ್ದಿತು.

1849ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಡಿಗ್ಬಿ ವೃತ್ತಿಯಿಂದ ಪತ್ರಕರ್ತರು. ಸಿಲೋನಿನಲ್ಲಿ ಕೆಲಸ ಮಾಡಿ, 1877ರಲ್ಲಿ ಮದರಾಸಿನ ಪತ್ರಿಕೆಯೊಂದರ ಸಂಪಾದಕರಾದರು. ಅದು ಧಾತು, ಈಶ್ವರ ಸಂವತ್ಸರಗಳ ಭೀಕರ ಕ್ಷಾಮದ ಕಾಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿಯಿತು. ಅತಿಯಾಗಿ ನರಳಿದ ಸೀಮೆಗಳಲ್ಲಿ ಕೋಲಾರವೂ ಒಂದು.

ಮದರಾಸಿನ ಕ್ಷಾಮ ಪರಿಹಾರ ನಿಧಿಯ ಗೌರವ ಕಾರ್ಯದರ್ಶಿಯಾಗಿ ಡಿಗ್ಬಿ ದುಡಿದರು. 1878ರಲ್ಲಿ ಮದರಾಸು, ಮುಂಬಯಿ, ಮೈಸೂರುಗಳ ಕ್ಷಾಮದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಪರಿಹಾರ ಕಾಮಗಾರಿಯ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ನಿಗದಿಪಡಿಸಿದ್ದು, ಅಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ವೈದ್ಯಾಧಿಕಾರಿ ಕಾರ್ನಿಷ್ ವಾದಿಸಿದ್ದು, ಎರಡೂ ಅಲ್ಲಿ ದಾಖಲಾಗಿವೆ. ಆದರೆ ಅವರದೇ ನಿಧಿಯ ದೊಡ್ಡ ಪಾಲು ಬಿತ್ತನೆ ಬೀಜ, ದನ, ಮನೆಯ ಹೊದಿಕೆಗಳಿಗಾಗಿ ರೈತರಿಗೆ ಸಂದಿತು. ಉದ್ದೇಶ ಒಳ್ಳೆಯದೇ. ಆದರೂ ಬಿತ್ತಲು ಭೂಮಿಯಿಲ್ಲದವನಿಗೆ ಬೀಜದಿಂದ ಏನು ಪ್ರಯೋಜನ?

ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಭಾರತವನ್ನು ಮರೆಯಲಿಲ್ಲ. 1889ರಿಂದ ಕೆಲವು ವರ್ಷ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯ ಕಾರ್ಯದರ್ಶಿಯಾಗಿದ್ದರು. 1901ರಲ್ಲಿ, ಭಾರತೀಯರ ತಲಾ ಆದಾಯ ವರ್ಷಕ್ಕೆ 30 ರೂಪಾಯಿ ಎಂದು ವೈಸರಾಯ್ ಕರ್ಜನ್ ಅಂದಾಜಿಸಿದರು. ಅದೇ ವರ್ಷ ಡಿಗ್ಬಿ ಸರ್ಕಾರಿ ಕಡತಗಳನ್ನೇ ಆಧರಿಸಿ, 1850ರಲ್ಲಿ ದಿನಕ್ಕೆ 2 ಪೆನ್ಸ್ ಇದ್ದ ತಲಾ ಆದಾಯ 1900ರಲ್ಲಿ ಮುಕ್ಕಾಲು ಪೆನ್ನಿಗೆ ಇಳಿದಿದೆಯೆಂದು ಬರೆದರು. 1904ರಲ್ಲಿ ನಿಧನರಾದರು.

ಅವರ ಧೈರ್ಯ ಪ್ರಶ್ನಾತೀತ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ತೊಡಕು ಬೇರೆ. ಕರ್ಜನ್ ಮತ್ತು ಡಿಗ್ಬಿ ಕಾದಾಡಿದ್ದು ಎರಡು ಸರಾಸರಿಗಳ ನಡುವೆ. ಸಾಹುಕಾರನನ್ನೂ ಜೀತದಾಳನ್ನೂ ಕೂಡಿಸಿ ಭಾಗಿಸಿದಾಗ ದೇಶದ ಬಡತನ ತಿಳಿದೀತು. ಬರ ಬಂದಾಗ ಮೊದಲು ಸಾಯುವವರು ಯಾರೆಂದು ತಿಳಿಯದು. 1981ರ ತಮ್ಮ ಕೃತಿಯಲ್ಲಿ ಅಮರ್ತ್ಯ ಸೇನ್ ಬಂಗಾಳದ 1943ರ ಕ್ಷಾಮವನ್ನು ವೃತ್ತಿವಾರು ಬಿಡಿಸಿ ನೋಡಿದಾಗ, ಗ್ರಾಮೀಣ ಕೂಲಿಕಾರರೂ ಮೀನುಗಾರರೂ ಹೆಚ್ಚು ನಲುಗಿದ್ದು ಎದ್ದು ಕಂಡಿತು.

ವಿಕೋಪಗಳನ್ನು ಕುರಿತ ಇಂದಿನ ವಿದ್ವತ್ ಪ್ರಬಂಧಗಳನ್ನು ಓದುವಾಗಲೂ ನಾನು ಮೊದಲು ಹುಡುಕುವುದು ಇದನ್ನೇ: ಲೆಕ್ಕ ಯಾವ ದಾಖಲೆಯಿಂದ ಬಂತು, ಆ ದಾಖಲೆಗೆ ಸೇರಲು ಯಾರಿಗೆ ಅರ್ಹತೆಯಿತ್ತು? ಪಹಣಿಯಿಂದ ಹೊರಟ ಅಧ್ಯಯನಕ್ಕೆ ಪಹಣಿಯಿಲ್ಲದವರು ಸಿಗುವುದಿಲ್ಲ. ಬೇತಮಂಗಲದ ಆ ಹಿರಿಯರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸಹಿ ಹಾಕುವ ಮುನ್ನ ಅಷ್ಟನ್ನಾದರೂ ಷರಾ ಬರೆದು ಮೇಲಕ್ಕೆ ಕಳುಹಿಸಬಹುದಿತ್ತು.