ಕಸಾಯ್ ಡಾಕ್ಟರು ಮತ್ತು ಅರವತ್ತು ದಿನ

ಕಸಾಯ್ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಕಸಾಯಿಖಾನೆ. ಆದರೆ ಜಪಾನಿನಲ್ಲಿ ಇದೇ ಹೆಸರಿನ ಸರ್ಜನ್ ಒಬ್ಬರಿದ್ದರು. ಅವರು ಕಂಡುಹಿಡಿದ ಆಪರೇಷನ್‌ನಿಂದ ಸಾವಿರಾರು ಹಸುಗೂಸುಗಳು ಬದುಕಿಕೊಂಡಿವೆ.

ಮೊರಿಯೊ ಕಸಾಯ್ ಹುಟ್ಟಿದ್ದು 1922ರಲ್ಲಿ, ಉತ್ತರ ಜಪಾನಿನ ಅಓಮೊರಿ ಪ್ರಾಂತ್ಯದಲ್ಲಿ. 1947ರಲ್ಲಿ ಸೆಂದೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ವೈದ್ಯರಾದರು. ಮುಂದೆ ಅಲ್ಲೇ ಪ್ರೊಫೆಸರ್ ಆದರು.

ಲಿವರಿನಲ್ಲಿ ತಯಾರಾಗುವ ಪಿತ್ತರಸ ಸಣ್ಣ ನಾಳದ ಮೂಲಕ ಕರುಳಿಗೆ ಇಳಿಯಬೇಕು. ಕೆಲವು ಮಕ್ಕಳಲ್ಲಿ ಹುಟ್ಟುವ ಹೊತ್ತಿಗೇ ಈ ನಾಳ ಮುಚ್ಚಿಕೊಳ್ಳುತ್ತದೆ. ಪಿತ್ತ ಒಳಗೇ ನಿಂತು ಲಿವರ್ ಗಟ್ಟಿಯಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಎರಡು ವರ್ಷ ದಾಟುವ ಮಕ್ಕಳು ಅಪರೂಪ. ಆ ಕಾಲದ ಸರ್ಜನ್‌ಗಳು ಹೆಚ್ಚಿನ ಮಕ್ಕಳ ಹೊಟ್ಟೆ ತೆರೆದು ನೋಡಿ, ಜೋಡಿಸೋಕೆ ನಾಳವೇ ಇಲ್ಲ ಅಂತ ಹಾಗೇ ಹೊಲಿದು ಕಳಿಸುತ್ತಿದ್ದರು.

1955ರಲ್ಲಿ ಕಸಾಯ್ ಹಾಗೆ ಬಿಡಲಿಲ್ಲ. ಮುಚ್ಚಿಹೋದ ನಾಳವನ್ನು ಲಿವರಿನ ಬಾಗಿಲ ತನಕ ಕತ್ತರಿಸಿ ತೆಗೆದು, ಆ ಜಾಗಕ್ಕೇ ಕರುಳನ್ನು ತಂದು ಜೋಡಿಸುವ ದಾರಿ ಹಿಡಿದರು. ಅಲ್ಲಿ ಕಣ್ಣಿಗೆ ಕಾಣುವ ರಂಧ್ರ ಇಲ್ಲದಿದ್ದರೂ, ಅತಿ ಸಣ್ಣ ನಾಳಗಳಿಂದ ಪಿತ್ತ ಜಿನುಗಿತು.

1959ರಲ್ಲಿ ಇದನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಹೊರದೇಶದವರಿಗೆ ಗೊತ್ತೇ ಆಗಲಿಲ್ಲ. 1968ರಲ್ಲಿ ಇಂಗ್ಲಿಷಿನಲ್ಲಿ ಬಂದಾಗಲೂ ಬಹಳ ಜನ ನಂಬಲಿಲ್ಲ. ಕಸಾಯ್ ಆಪರೇಷನ್ ಮಾಡುತ್ತಾ, ಫಲಿತಾಂಶ ತೋರಿಸುತ್ತಾ ಹೋದರು. ನಿಧಾನಕ್ಕೆ ಬೇರೆ ದೇಶದ ಸರ್ಜನ್‌ಗಳೂ ಅದನ್ನೇ ಮಾಡತೊಡಗಿದರು. ಇವತ್ತು ಎಲ್ಲ ಕಡೆ ಅದಕ್ಕೆ ಅವರದ್ದೇ ಹೆಸರು.

ಅವರು ಬೆಟ್ಟ ಹತ್ತುವ ಹುಚ್ಚಿನವರು ಕೂಡ. 1986ರಲ್ಲಿ, ಅರವತ್ತು ದಾಟಿದ ಮೇಲೆ, ಟಿಬೆಟಿನ ನ್ಯೆಂಚೆನ್ ತಂಗ್ಲಾ ಪರ್ವತಕ್ಕೆ ತಮ್ಮ ವಿಶ್ವವಿದ್ಯಾಲಯದ ತಂಡವನ್ನು ಕರೆದೊಯ್ದರು. 2008ರಲ್ಲಿ ತೀರಿಕೊಂಡರು.

ಈ ಆಪರೇಷನ್ನಿನಿಂದ ಎಲ್ಲ ಮಕ್ಕಳೂ ಪೂರ್ತಿ ಗುಣವಾಗೋದಿಲ್ಲ. ಹಲವರಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಆದರೆ 60 ದಿನದೊಳಗೆ ಮಾಡಿದರೆ ಒಳ್ಳೆಯ ಫಲ ಸಿಗುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಅದು ಕಮ್ಮಿ.

ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಮಗುವನ್ನು ಮೊದಲು ನೋಡೋದು ವಿಡಿಯೋ ಕಾಲ್‌ನಲ್ಲೇ. ಮಗು ಹಳದಿಯಾಗಿದೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ ಅಂತ ಮನೆಯವರು ಹೇಳಬಹುದು. ಎರಡು ವಾರ ಕಳೆದರೂ ಹೋಗದಿದ್ದರೆ ಒಂದು ಮಾತು ಕೇಳಿ: ಮಗುವಿನ ಕಕ್ಕ ಯಾವ ಬಣ್ಣ? ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ, ಉಚ್ಚೆ ಬಟ್ಟೆಗೆ ಗಾಢ ಹಳದಿ ಕಲೆ ಹಿಡಿಸುತ್ತಿದ್ದರೆ, ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಡೈರೆಕ್ಟ್ ಬಿಲಿರುಬಿನ್ ರಕ್ತಪರೀಕ್ಷೆ ಮಾಡಿಸಲು ಹೇಳಿ.