ಕೊನೇ ಸಾಲಿನ ಕೇಳುಗನಿಗಾಗಿ ಪಿಟೀಲಿಗೆ ಮೂರು ತಂತಿ ಹೆಚ್ಚಿಸಿದ ಮೈಸೂರು ಟಿ. ಚೌಡಯ್ಯ

ಬೆಂಗಳೂರಿನ ವೈಯಾಲಿಕಾವಲ್ ಬಳಿ ಇರುವ ಚೌಡಯ್ಯ ಸ್ಮಾರಕ ಭವನವನ್ನು ನೋಡದವರು ಕಡಿಮೆ. ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಈ ಭವನದಲ್ಲಿ ನಾಟಕ, ಸಂಗೀತ, ಶಾಲಾ ವಾರ್ಷಿಕೋತ್ಸವ ಎಲ್ಲವೂ ನಡೆಯುತ್ತವೆ. ಆದರೆ ಆ ಹೆಸರಿನ ವ್ಯಕ್ತಿ ನುಡಿಸುತ್ತಿದ್ದ ಪಿಟೀಲು ಎಲ್ಲರ ಪಿಟೀಲಿನಂತೆ ಇರಲಿಲ್ಲ ಎಂಬುದು ಇಂದಿನ ಅನೇಕರಿಗೆ ತಿಳಿದಿಲ್ಲ. ಉಳಿದವರ ಪಿಟೀಲಿಗೆ ನಾಲ್ಕು ತಂತಿ, ಚೌಡಯ್ಯನವರದಕ್ಕೆ ಏಳು!

ತಿರುಮಕೂಡಲಿನ ಹುಡುಗ

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ತಿರುಮಕೂಡಲಿನಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಆ ಕಾಲದ ದೊಡ್ಡ ಗಾಯಕರು, ಶಿಸ್ತಿನ ಗುರು. ಪಿಟೀಲು ಕಲಿಯಲು ಬಂದ ಹುಡುಗನಿಗೆ ಹೀಗೆ ಸಿಕ್ಕಿದ್ದು ಹಾಡುಗಾರರೊಬ್ಬರ ಪಾಠ. ಕೃಷ್ಣಪ್ಪನವರ ಕಛೇರಿಗಳಿಗೇ ಪಕ್ಕವಾದ್ಯ ನುಡಿಸುವ ಮಟ್ಟಕ್ಕೆ ಚೌಡಯ್ಯ ಬೆಳೆದರು.

ಸಮಸ್ಯೆ ಏನಿತ್ತು?

ಅದು ಮೈಕ್ ಇಲ್ಲದ ಕಾಲ. ಅರಮನೆಯ ಅಂಗಳದಲ್ಲೋ, ಸಾಹುಕಾರರ ಮನೆಯ ಪಡಸಾಲೆಯಲ್ಲೋ ನಡೆಯುತ್ತಿದ್ದ ಕಛೇರಿಗಳು ಮದರಾಸಿನಂಥ ಊರುಗಳಲ್ಲಿ ಟಿಕೆಟ್ ಇಟ್ಟು ನಡೆಸುವ ಸಭೆಗಳಿಗೆ ಬಂದಿದ್ದವು. ಕೇಳುಗರ ಸಂಖ್ಯೆ ಬೆಳೆಯಿತು, ಪಿಟೀಲಿನ ದನಿ ಮಾತ್ರ ಅಷ್ಟೇ ಉಳಿಯಿತು. ಗಾಯಕ ಗಂಟಲೆತ್ತಿ ಹಾಡಬಹುದು, ಮೃದಂಗಕ್ಕೆ ತನ್ನದೇ ಗಟ್ಟಿ ನಾದವಿದೆ. ಇಬ್ಬರ ನಡುವೆ ಸಿಕ್ಕಿಕೊಂಡ ಪಿಟೀಲು ಮುಂದಿನ ಸಾಲುಗಳನ್ನು ದಾಟಿ ಹೋಗುವುದೇ ಕಷ್ಟವಾಗಿತ್ತು.

ಕಮಾನನ್ನು ಇನ್ನಷ್ಟು ಒತ್ತಿದರೆ ದನಿ ಕರ್ಕಶವಾಗುತ್ತದೆ. ಆದ್ದರಿಂದ ಚೌಡಯ್ಯ ವಾದ್ಯವನ್ನೇ ಬದಲಾಯಿಸಲು ಹೊರಟರು. 1927ರ ಸುಮಾರಿಗೆ ಏಳು ತಂತಿಯ ಪಿಟೀಲು ಸಿದ್ಧವಾಯಿತು.

ಏಳು ತಂತಿ ಮಾಡಿದ ಕೆಲಸ

ಹೆಚ್ಚುವರಿ ತಂತಿಗಳು ಮೂಲ ತಂತಿಗಳಿಗೆ ಜೋಡಿಯಾಗಿ ಕೂತವು. ಜೋಡಿಯ ಎರಡೂ ತಂತಿಗಳಲ್ಲಿ ಸ್ವರ ಒಂದೇ, ಸ್ಥಾಯಿ ಬೇರೆ. ಒಂದೇ ಕಮಾನು ಎರಡನ್ನೂ ಒಟ್ಟಿಗೆ ಮೀಟಿದಾಗ, ಗಂಡುದನಿ ಮತ್ತು ಹೆಣ್ಣುದನಿ ಸೇರಿ ಒಂದೇ ಸಾಲು ಹಾಡಿದ ಹಾಗೆ ಕೇಳಿಸುತ್ತದೆ. ದನಿಯ ಜೊತೆಗೆ ಅದರ ಬಣ್ಣವೂ ಬದಲಾಯಿತು. ಉಳಿದಿರುವ ಹಳೆಯ ಧ್ವನಿಮುದ್ರಣಗಳಲ್ಲೂ ಈ ದಪ್ಪ ನಾದವನ್ನು ಗುರುತಿಸಬಹುದು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಎಡಗೈ ಬೆರಳು ಎರಡು ತಂತಿಗಳನ್ನು ಒಟ್ಟಿಗೆ, ಒಂದೇ ಅಳತೆಯಲ್ಲಿ ಒತ್ತಬೇಕು. ಗಮಕ ಎಳೆಯುವಾಗ ಎರಡೂ ಒಂದಾಗಿ ಜಾರಬೇಕು. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಸಡಿಲವಾದರೂ ಅಪಸ್ವರ ಎದ್ದು ಕಾಣುತ್ತದೆ. ನಾಲ್ಕು ತಂತಿಯಲ್ಲಿ ಮರೆಯಾಗುವ ತಪ್ಪು ಏಳು ತಂತಿಯಲ್ಲಿ ಬಯಲಾಗುತ್ತದೆ.

ಗುರುಗಳಿಗೆ ಹೇಳದೆಯೇ ಚೌಡಯ್ಯ ಹೊಸ ಪಿಟೀಲನ್ನು ಅಭ್ಯಾಸ ಮಾಡಿ ಕಛೇರಿಗೆ ತಂದರು, ನಾದದ ವ್ಯತ್ಯಾಸ ಗಮನಿಸಿದ ಕೃಷ್ಣಪ್ಪನವರು ಕೊನೆಗೆ ಒಪ್ಪಿಗೆ ಕೊಟ್ಟರು ಎಂಬ ಮಾತು ಸಂಗೀತ ವಲಯದಲ್ಲಿ ಇಂದಿಗೂ ಇದೆ. ಮುಂದೆ ಚೌಡಯ್ಯ 19 ತಂತಿಗಳ ಪಿಟೀಲನ್ನೂ ಪ್ರಯೋಗಿಸಿದರು. ಆದರೆ ಅವರ ಹೆಸರಿನ ಜೊತೆ ಉಳಿದಿದ್ದು ಏಳು ತಂತಿಯದ್ದೇ.

ಮದರಾಸು ಒಪ್ಪಿದ ನಾದ

ಪಕ್ಕವಾದ್ಯಗಾರನ ಪಿಟೀಲು ಗಾಯಕನನ್ನು ಮೀರಬಾರದು ಎಂಬುದು ಕಛೇರಿಯ ಅಲಿಖಿತ ನಿಯಮ. ಹೀಗಿರುವಾಗ ಇಷ್ಟು ತುಂಬು ದನಿಯ ವಾದ್ಯ ಹಿಡಿದು ಕೂರುವುದು ಸಣ್ಣ ಸಾಹಸವಲ್ಲ. ಹೆಚ್ಚು ಕಡಿಮೆಯಾದರೆ ಗಾಯಕರು ಮುಂದಿನ ಬಾರಿ ಕರೆಯುವುದೇ ಇಲ್ಲ. ಚೌಡಯ್ಯನವರಿಗೆ ಕರೆ ನಿಲ್ಲಲಿಲ್ಲ. ಕಂಚಿನ ಕಂಠದ ಚೆಂಬೈ ವೈದ್ಯನಾಥ ಭಾಗವತರ್, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಪಿಟೀಲು: ಈ ಮೂವರ ಜೊತೆಗಾರಿಕೆ ದಕ್ಷಿಣದ ಉದ್ದಗಲಕ್ಕೂ ಹೆಸರಾಯಿತು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ ಅವರ ಸಾಲಿನಲ್ಲೇ ಮೈಸೂರಿನ ಈ ವಿದ್ವಾಂಸರ ಹೆಸರೂ ಕೇಳಿಬರತೊಡಗಿತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಗೌರವ ನೀಡಿತು.

ಚೌಡಯ್ಯ ವೇದಿಕೆಗಷ್ಟೇ ಸೀಮಿತರಾಗಿರಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಶಾಲೆ ನಡೆಸಿದರು. ಹುಟ್ಟೂರಿನ ನೆನಪಿಗೆ ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಿತ್ರವನ್ನೂ ನಿರ್ಮಿಸಿದರು.

ಮೈಕ್ ಬಂದ ಮೇಲೂ ಬಿಡಲಿಲ್ಲ

ಕುತೂಹಲದ ಸಂಗತಿ ಇರುವುದು ಇಲ್ಲಿ. ಏಳು ತಂತಿ ಹುಟ್ಟಿದ್ದು ಕೊನೇ ಸಾಲಿಗೆ ಕೇಳಿಸಲಿ ಎಂದು. ವರ್ಷಗಳು ಕಳೆದಂತೆ ಸಭೆಗಳಿಗೆ ಮೈಕ್ ಬಂತು, ಆ ಕೆಲಸವನ್ನು ಯಂತ್ರವೇ ಮಾಡತೊಡಗಿತು. ಲೆಕ್ಕಾಚಾರದ ಪ್ರಕಾರ ಚೌಡಯ್ಯ ಮತ್ತೆ ನಾಲ್ಕು ತಂತಿಗೆ ಮರಳಬಹುದಿತ್ತು. ಅವರು ಮರಳಲಿಲ್ಲ. ಅಷ್ಟು ಹೊತ್ತಿಗೆ ಆ ನಾದ ಅವರ ಗುರುತಾಗಿತ್ತು. ಕಣ್ಣು ಮುಚ್ಚಿ ಕೇಳಿದರೂ ಇದು ಚೌಡಯ್ಯನವರ ಪಿಟೀಲು ಎಂದು ಹೇಳಬಹುದಿತ್ತು.

1967ರ ಜನವರಿ 19ರಂದು ಅವರು ತೀರಿಕೊಂಡರು. 1960ರ ದಶಕದ ಕೊನೆಯಲ್ಲೇ ಸ್ವೀಡನ್ನಿನ ಹ್ಯಾಗ್‌ಸ್ಟ್ರಾಮ್ ಕಂಪನಿ ಎಂಟು ತಂತಿಯ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ದಪ್ಪ ತಂತಿ, ಪ್ರತಿಯೊಂದರ ಪಕ್ಕದಲ್ಲೂ ಮೇಲಿನ ಸ್ಥಾಯಿಯ ಒಂದು ತೆಳು ತಂತಿ. ಚೌಡಯ್ಯನವರ ಪಿಟೀಲಿಗೂ ಈ ಗಿಟಾರಿಗೂ ಯಾವ ನಂಟೂ ಇಲ್ಲ. ಆದರೆ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ ಆ ಉಪಾಯವನ್ನು ಮೈಸೂರಿನ ವಿದ್ವಾಂಸರು ಸುಮಾರು 40 ವರ್ಷ ಮೊದಲೇ ಕರ್ನಾಟಕ ಸಂಗೀತದ ಕಛೇರಿಗೆ ತಂದಿದ್ದರು.

ಇಂದು ಕಛೇರಿಗಳಲ್ಲಿ ಕಾಣುವುದು ಹೆಚ್ಚಾಗಿ ನಾಲ್ಕು ತಂತಿಯ ಪಿಟೀಲೇ. ಕಾರಣ ಅರ್ಥವಾಗುವಂಥದ್ದೇ: ಕಷ್ಟ ಇಮ್ಮಡಿ, ಅಗತ್ಯ ಮಾತ್ರ ಕಡಿಮೆ. ಆ ನಾದ ಹೇಗಿತ್ತು ಎಂದು ತಿಳಿಯಬೇಕಾದವರು ಚೆಂಬೈ ಅವರ ಹಳೆಯ ಕಛೇರಿಯೊಂದನ್ನು ಹುಡುಕಿ ಕೇಳಬಹುದು. ಗಾಯಕರು ನಿಲ್ಲಿಸಿ, ಪಿಟೀಲು ಆಲಾಪನೆ ಎತ್ತಿಕೊಂಡ ಮೊದಲ ನಿಮಿಷದಲ್ಲೇ ವ್ಯತ್ಯಾಸ ತಿಳಿಯುತ್ತದೆ.